ಶಹಾಬಾದ್ ಫರ್ಸಿಯಲ್ಲಿ ಭೀಮಾ ನದಿ: ಮುಟ್ಟಿ ನೋಡುವ ಫಲಕ ಮಾಡಿದ ವಿವರ

ಕಲಬುರಗಿಯ ಸರ್ಕಾರಿ ಗ್ಯಾಲರಿಯೊಂದು ಈ ಭಾಗದ ಕಲಾವಿದರಿಂದ ಸಣ್ಣ ಸಣ್ಣ ಕೃತಿಗಳನ್ನು ಮಾಡಿಸುತ್ತಿದೆ. ಮೊತ್ತ ದೊಡ್ಡದಲ್ಲ, ಕೊಡುವ ಜಾಗವೂ ದೊಡ್ಡದಲ್ಲ. ಅವರು ಕೇಳಿದ್ದು ಇಷ್ಟೇ: ಈ ಸೀಮೆಯ ಬಗ್ಗೆ ಏನಾದರೂ ಹೇಳಬೇಕು, ಗ್ಯಾಲರಿಯಲ್ಲಿ ಕಾಯಂ ಉಳಿಯಬೇಕು. ನಾನು ಕಲ್ಲಿನ ಕೆಲಸ ಮಾಡುವವನು. ಭೀಮಾ ನದಿಯನ್ನು ಶಹಾಬಾದ್ ಕಲ್ಲಿನಲ್ಲಿ ಕೊರೆದು, ಕಣ್ಣು ಕಾಣದವರು ಬೆರಳಿಂದ ಓದುವ ಹಾಗೆ ಮಾಡುತ್ತೇನೆ ಅಂತ ಬರೆದುಕೊಟ್ಟೆ. ಒಪ್ಪಿದರು.

ಯಾಕೆ ಮುಟ್ಟುವ ಕೃತಿ? ನಮ್ಮದು ಚಿತ್ರಕಲೆಗೆ ಹೆಸರಾದ ಊರು. ಚಿತ್ರಕಾರ ಎಸ್.ಎಂ. ಪಂಡಿತ್ 1916ರಲ್ಲಿ ಹುಟ್ಟಿದ ಊರು. ಆದರೆ ನಮ್ಮ ಗ್ಯಾಲರಿಗಳಲ್ಲಿ ಇರುವುದೆಲ್ಲ ಕಣ್ಣಿಗೇ. ಕಣ್ಣು ಕಾಣದವರು ಬಂದರೆ ಜೊತೆಗಿದ್ದವರು ಬಾಯಲ್ಲಿ ಹೇಳಬೇಕು, ಅವರು ಕೇಳಿಸಿಕೊಳ್ಳಬೇಕು, ಅಷ್ಟೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲೆ, ಸಂಸ್ಕೃತಿ ಎಲ್ಲರ ಕೈಗೆ ಸಿಗಬೇಕು ಅಂತ ಇದೆ. ಕೈಗೆ ಅನ್ನುವುದನ್ನು ನಾನು ನೇರವಾಗಿಯೇ ತೆಗೆದುಕೊಂಡೆ.

ಸಣ್ಣ ಮೊತ್ತದ ಕೆಲಸ ಒಪ್ಪಿಕೊಂಡಾಗ ಎಲ್ಲವನ್ನೂ ಅದರೊಳಗೆ ತುರುಕುವ ಆಸೆ ಬರುತ್ತದೆ. ಕೋಟೆ ಇರಲಿ, ತೊಗರಿ ಇರಲಿ, ಬಂದೇನವಾಜ್ ದರ್ಗಾ ಇರಲಿ, ಶರಣಬಸವೇಶ್ವರ ಗುಡಿಯೂ ಇರಲಿ. ನಾನು ಅವನ್ನೆಲ್ಲ ಬಿಟ್ಟೆ. ಒಂದು ನದಿ, ಎರಡು ಉಪನದಿ, ನಾಲ್ಕು ಗುರುತು. ಇಷ್ಟನ್ನು ಸರಿಯಾಗಿ ಮಾಡಿದರೆ ಸಾಕು.

ಕಲ್ಲು ಆರಿಸಿದ್ದು

ಶಹಾಬಾದ್ ಕಲ್ಲು ಅಂದರೆ ಸುಣ್ಣದಕಲ್ಲು. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ನೆಲದಲ್ಲಿ ಪದರು ಪದರಾಗಿ ಮಲಗಿದೆ. ವಾಡಿ, ಸೇಡಂ, ಮಳಖೇಡದಲ್ಲಿ ಸಿಮೆಂಟ್ ಕಾರ್ಖಾನೆ ಬಂದದ್ದೂ ಇದೇ ಸುಣ್ಣದಕಲ್ಲಿನಿಂದ. ನಮ್ಮ ಕಡೆ ಮನೆಯ ನೆಲಕ್ಕೆ, ಓಣಿಗೆ, ಬಚ್ಚಲಿಗೆ, ಕಟ್ಟೆಗೆ ಎಲ್ಲಕ್ಕೂ ಇದೇ ಫರ್ಸಿ, ಅಂದರೆ ಹಾಸುಗಲ್ಲು. ಕಾಲ ಕೆಳಗೆ ಇರುವುದರಿಂದ ಯಾರೂ ಇದನ್ನು ಶಿಲ್ಪದ ಕಲ್ಲು ಅಂತ ನೋಡುವುದಿಲ್ಲ. ಖಣಿಯಲ್ಲಿ ಕೇಳಿದಾಗ ಅಲ್ಲಿನವರೊಬ್ಬರು, "ಮೂರ್ತಿ ಮಾಡೋದಿದ್ರ ಇದು ಬ್ಯಾಡ್ರಿ, ಚಕ್ಕಿ ಏಳ್ತದ" ಅಂದರು.

ಅವರು ಹೇಳಿದ್ದು ಸರಿ. ಆದರೆ ಭೀಮಾ ದಂಡೆಯ ಸನ್ನತಿ ಪಕ್ಕದ ಕನಗನಹಳ್ಳಿಯಲ್ಲಿ ಸುಮಾರು 2000 ವರ್ಷದ ಹಿಂದೆ ಸ್ತೂಪ ಕಟ್ಟಿದವರು ಬಳಸಿದ್ದೂ ಈ ಸೀಮೆಯ ಸುಣ್ಣದಕಲ್ಲನ್ನೇ. ಅಶೋಕನ ಚಿತ್ರ ಕೆತ್ತಿ, ಪಕ್ಕದಲ್ಲಿ ಬ್ರಾಹ್ಮಿಯಲ್ಲಿ 'ರಾಯೋ ಅಸೋಕೋ' ಅಂತ ಹೆಸರು ಬರೆದ ಫಲಕ ಸಿಕ್ಕದ್ದು ಅಲ್ಲಿಯೇ. ಆ ಫಲಕಗಳನ್ನು ಹತ್ತಿರದಿಂದ ನೋಡಿದರೆ ಒಂದು ವಿಷಯ ಗೊತ್ತಾಗುತ್ತದೆ. ಕೆತ್ತನೆ ಜಾಸ್ತಿ ಆಳ ಇಲ್ಲ. ಆಕೃತಿಗಳು ಹಿನ್ನೆಲೆಗೆ ಅಂಟಿಕೊಂಡೇ ನಿಂತಿವೆ. ಪದರಿನ ಕಲ್ಲಿಗೆ ಅದೇ ಸರಿಯಾದ ದಾರಿ. ಈ ಕಲ್ಲಿನಿಂದ ದುಂಡು ಮೂರ್ತಿ ತೆಗೆಯಲು ಹೋಗಬಾರದು, ಮೇಲಿನ ಕೆಲವು ಮಿಲಿಮೀಟರ್‌ನಲ್ಲೇ ಕೆಲಸ ಮುಗಿಸಬೇಕು.

ಚಪ್ಪಡಿ ಆರಿಸುವಾಗ ನಾನು ಎರಡು ಪರೀಕ್ಷೆ ಮಾಡುತ್ತೇನೆ. ಮೊದಲನೆಯದು ಶಬ್ದ. ಕಲ್ಲನ್ನು ಎರಡು ಕಟ್ಟಿಗೆ ತುಂಡಿನ ಮೇಲೆ ಇಟ್ಟು, ಸಣ್ಣ ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಬೇಕು. ಠಣ್ ಅಂದರೆ ಗಟ್ಟಿ. ಒಂದು ಜಾಗದಲ್ಲಿ ಮಾತ್ರ ಮಂಕಾಗಿ ಡಬ್ ಅಂದರೆ ಅಲ್ಲಿ ಪದರ ಬಿಟ್ಟುಕೊಂಡಿದೆ ಅಂತ. ಎರಡನೆಯದು ನೀರು. ಇಡೀ ಕಲ್ಲನ್ನು ಒದ್ದೆ ಮಾಡಿ ನೆರಳಿನಲ್ಲಿ ಆರಲು ಬಿಡಬೇಕು. ಕೂದಲೆಳೆಯಂಥ ಬಿರುಕು ಇದ್ದರೆ ಉಳಿದ ಮೈ ಆರಿದ ಮೇಲೂ ಆ ಗೆರೆ ಕಪ್ಪಗೆ ಉಳಿಯುತ್ತದೆ. ಅಂಚನ್ನೂ ನೋಡಬೇಕು. ಪಕ್ಕದಿಂದ ನೋಡಿದಾಗ ಪದರದ ಗೆರೆಗಳು ಮೇಲ್ಮೈಗೆ ಸಮವಾಗಿ ಓಡಿರಬೇಕು. ಓರೆಯಾಗಿದ್ದರೆ ಕೆತ್ತುವಾಗ ಒಂದು ಕಡೆ ಜಾರಿ ಹೋಗುತ್ತದೆ.

ನೆಲಕ್ಕೆ ಹಾಕುವ ಫರ್ಸಿ ಈ ಕೆಲಸಕ್ಕೆ ತೆಳು. ದಪ್ಪದ ಕಲ್ಲು ಹುಡುಕಿ, 60 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 4 ಸೆಂ.ಮೀ. ದಪ್ಪಕ್ಕೆ ಕೊಯ್ಸಿದೆ. ತೂಕ ಸುಮಾರು 29 ಕೆ.ಜಿ. ಇಬ್ಬರು ಆರಾಮವಾಗಿ ಎತ್ತಬಹುದು. ಸಣ್ಣ ಗ್ಯಾಲರಿಯಲ್ಲಿ ಇದು ಮುಖ್ಯ, ಯಾಕೆಂದರೆ ಮುಂದೆ ಸುಣ್ಣ ಬಳಿಯುವಾಗ ಅದನ್ನು ಸರಿಸುವವರು ಅಲ್ಲಿನ ಸಿಬ್ಬಂದಿಯೇ. ಇಡೀ ಖರ್ಚಿನಲ್ಲಿ ಎಲ್ಲಕ್ಕಿಂತ ಕಡಿಮೆ ಬಿದ್ದದ್ದು ಈ ಕಲ್ಲು.

ನದಿ ಇಳಿಸಿದ್ದು

ಭೀಮೆ ಅಫಜಲಪುರ ತಾಲೂಕಿನ ಕಡೆಯಿಂದ ಬಂದು, ಗಾಣಗಾಪುರದಲ್ಲಿ ಅಮರ್ಜಾವನ್ನು ಸೇರಿಸಿಕೊಂಡು, ಮುಂದೆ ಶಹಾಬಾದ್ ಕಡೆ ಕಾಗಿಣಾವನ್ನೂ ಕೂಡಿಸಿಕೊಂಡು, ಸನ್ನತಿ ದಾಟಿ, ಯಾದಗಿರಿ ಮುಟ್ಟಿ, ಕೊನೆಗೆ ಕೃಷ್ಣೆಗೆ ಸೇರುತ್ತದೆ. ನಕಾಶೆಯಲ್ಲಿ ಇದು ಎಡ ಮೇಲ್ಮೂಲೆಯಿಂದ ಬಲ ಕೆಳಮೂಲೆಗೆ ಇಳಿಯುವ ಗೆರೆ. ಅಮರ್ಜಾ ಮೇಲಿನಿಂದ, ಅಂದರೆ ಆಳಂದ ಕಡೆಯಿಂದ ಬರುತ್ತದೆ. ಕಾಗಿಣಾ ಬಲದಿಂದ, ಸೇಡಂ, ಮಳಖೇಡ ಹಾದು ಬರುತ್ತದೆ. ಮಳಖೇಡ ಅಂದರೆ ರಾಷ್ಟ್ರಕೂಟರ ಮಾನ್ಯಖೇಟ. ಅದನ್ನೂ ಗುರುತು ಹಾಕಬೇಕು ಅಂತ ಮನಸ್ಸು ಎಳೆಯಿತು. ಆದರೆ ಅಲ್ಲಿ ಬೆರಳಿಗೆ ಜಾಗ ಸಾಲುವುದಿಲ್ಲ. ಬಿಟ್ಟೆ.

ಕಣ್ಣಿಗೆ ಮಾಡುವ ನಕಾಶೆಗೂ ಬೆರಳಿಗೆ ಮಾಡುವ ನಕಾಶೆಗೂ ತುಂಬ ವ್ಯತ್ಯಾಸ ಇದೆ. ನದಿಯ ಪ್ರತಿ ಸಣ್ಣ ತಿರುವನ್ನೂ ಕೊರೆದರೆ ಬೆರಳಿಗೆ ಅದು ಬರೀ ಒರಟು ಅಂಚು ಅನ್ನಿಸುತ್ತದೆ. ದೊಡ್ಡ ತಿರುವುಗಳನ್ನು ಮಾತ್ರ ಉಳಿಸಿಕೊಂಡೆ. ಭೀಮೆಯ ಕಾಲುವೆ 12 ಮಿ.ಮೀ. ಅಗಲ, ತೋರುಬೆರಳ ತುದಿ ಸಲೀಸಾಗಿ ಕೂರುವಷ್ಟು. ಉಪನದಿಗಳು 6 ಮಿ.ಮೀ. ಬೆರಳು ಅದರೊಳಗೆ ಪೂರ್ತಿ ಇಳಿಯುವುದಿಲ್ಲ, ಮೇಲೆ ಹರಿಯುತ್ತದೆ. ಇದು ಸಣ್ಣ ನದಿ ಅಂತ ಹಾಗೇ ತಿಳಿಯುತ್ತದೆ.

ಹರಿವು ಯಾವ ಕಡೆಗೆ ಅಂತ ಹೇಗೆ ಹೇಳುವುದು? ಕಣ್ಣಿಗಾದರೆ ಒಂದು ಬಾಣದ ಗುರುತು ಹಾಕಬಹುದು. ಇಲ್ಲಿ ಆಳವನ್ನೇ ಬಳಸಿದೆ. ನದಿ ಶುರುವಾಗುವ ಮೂಲೆಯಲ್ಲಿ ಕಾಲುವೆ 2 ಮಿ.ಮೀ. ಆಳ, ಯಾದಗಿರಿ ದಾಟುವಾಗ 5 ಮಿ.ಮೀ. ನಡುವೆ ಎಲ್ಲೂ ಮೆಟ್ಟಿಲು ಇಲ್ಲ. ಬೆರಳು ತಾನಾಗಿಯೇ ಇಳಿಜಾರಿನ ಕಡೆಗೆ ಹೋಗುತ್ತದೆ. ಈ ಫಲಕದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದೇ.

ಕೊರೆಯುವ ಕ್ರಮ ಹೀಗೆ. ಮೊದಲು ಸಣ್ಣ ಡೈಮಂಡ್ ಬ್ಲೇಡಿನಿಂದ ನದಿಯ ನಡುವೆ ಉದ್ದಕ್ಕೆ ಗೀರುಗಳನ್ನು ಹಾಕಿದೆ. ಆಳಕ್ಕೆ ಬ್ಲೇಡಿನ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿಕೊಂಡಿದ್ದೆ. ಗೀರುಗಳ ನಡುವಿನ ತೆಳು ಗೋಡೆಗಳನ್ನು ಉಳಿಯಿಂದ ಮುರಿದು ತೆಗೆದೆ. ಉಳಿಯನ್ನು ಯಾವಾಗಲೂ ಅಂಚಿನಿಂದ ಒಳಕ್ಕೆ ಹಿಡಿಯಬೇಕು. ಒಳಗಿನಿಂದ ಹೊರಕ್ಕೆ ಹೊಡೆದರೆ ಖಣಿಯವರು ಹೇಳಿದ ಚಕ್ಕೆ ಎದ್ದೇ ಏಳುತ್ತದೆ, ದಂಡೆಯೇ ಕಿತ್ತುಬರುತ್ತದೆ. ಆಮೇಲೆ ತಿರುಗುತ್ತ ಕಲ್ಲು ಸವೆಸುವ ಸಣ್ಣ ತುದಿ, ಅಂದರೆ ದುಂಡು ಡೈಮಂಡ್ ಬರ್‌ನಿಂದ ತಳವನ್ನು ಬೋಗುಣಿಯ ಹಾಗೆ ಮಾಡಿದೆ.

ಪದರಿನ ಕಲ್ಲಿನ ಗುಣ ಇಲ್ಲಿ ಉಪಯೋಗಕ್ಕೆ ಬಂತು. ತುಂಡು ಕಲ್ಲುಗಳ ಮೇಲೆ ಪ್ರಯೋಗ ಮಾಡುವಾಗ ದಂಡೆಯ ಪಕ್ಕ ತೆಳು ಚಕ್ಕೆಗಳು ಎದ್ದು, ಒಂದರ ಕೆಳಗೊಂದು ಮೆಟ್ಟಿಲು ಕಂಡವು. ನಿಜವಾದ ಭೀಮೆಯ ದಂಡೆಯಲ್ಲಿಯೂ ಕಲ್ಲು ಹೀಗೇ ಹಾಸು ಹಾಸಾಗಿ ಇರುತ್ತದೆ, ಅಲ್ವಾ? ಅದಕ್ಕೇ ಸನ್ನತಿಯ ಸುತ್ತ ಬೇಕಂತಲೇ ಚಪ್ಪಟೆ ಉಳಿಯಿಂದ ಪದರ ಎಬ್ಬಿಸಿ ಮೆಟ್ಟಿಲು ಬಿಟ್ಟೆ. ಅಂಚುಗಳನ್ನು 120 ನಂಬರಿನ ಉಜ್ಜುಕಾಗದದಿಂದ ತಿಕ್ಕಿ ಮೊಂಡು ಮಾಡಿದೆ. ಬೆರಳು ಕುಯ್ಯಬಾರದು.

ನದಿಯ ತಳವನ್ನು 120, 220, 400, 800 ಹೀಗೆ ನೀರಿನ ಕಾಗದ ಬದಲಿಸುತ್ತ ನುಣುಪು ಮಾಡಿದೆ. ನೆಲದ ಭಾಗವನ್ನು ಉಳಿಯ ಗುರುತಿನ ಜೊತೆಗೆ ಒರಟಾಗಿಯೇ ಬಿಟ್ಟೆ. ಈ ಕಲ್ಲು ನುಣುಪಾದ ಹಾಗೆ ಬಣ್ಣ ಗಾಢವಾಗುತ್ತದೆ. ಒರಟು ಜಾಗ ತಿಳಿ ಬೂದಿ, ನದಿ ಕಪ್ಪು ನೀಲಿ. ಮಂದದೃಷ್ಟಿ ಇರುವವರಿಗೆ ಈ ವ್ಯತ್ಯಾಸ ಸಾಕು. ಬಣ್ಣ ಬಳಿಯುವ ಅಗತ್ಯವೇ ಬೀಳಲಿಲ್ಲ.

ದೂಳಿನ ಬಗ್ಗೆ ಒಂದು ಮಾತು. ಕೊಯ್ಯುವುದು, ಕೊರೆಯುವುದು ಎಲ್ಲವನ್ನೂ ನೀರು ಬಿಟ್ಟುಕೊಂಡೇ ಮಾಡಿ. ಎನ್-95 ಮಾಸ್ಕ್ ಹಾಕಿಕೊಳ್ಳಿ. ನಮ್ಮ ಕಡೆ ಫರ್ಸಿ ಕೊಯ್ಯುವ ಹುಡುಗರು ಟವೆಲ್ ಕಟ್ಟಿಕೊಂಡು ನಿಲ್ಲುವುದನ್ನು ದಿನಾ ನೋಡುತ್ತೇವೆ. ಟವೆಲ್ ಸಣ್ಣ ದೂಳನ್ನು ತಡೆಯುವುದಿಲ್ಲ.

ಬ್ರೈಲ್ ಚುಕ್ಕೆಗಳು

ಎಲ್ಲಕ್ಕಿಂತ ಜಾಸ್ತಿ ಸಮಯ ಹಿಡಿದದ್ದು ಇದು. ಬ್ರೈಲ್ ಅಂದರೆ ಕಣ್ಣು ಕಾಣದವರು ಬೆರಳಿಂದ ಓದುವ ಉಬ್ಬು ಚುಕ್ಕೆಗಳ ಲಿಪಿ. ಕನ್ನಡದ ಬ್ರೈಲ್‌ಗೆ ಆಧಾರ ಭಾರತಿ ಬ್ರೈಲ್, ಅಂದರೆ ಭಾರತದ ಭಾಷೆಗಳಿಗೆ ಮಾಡಿದ ಬ್ರೈಲ್. ಒಂದು ಅಕ್ಷರ ಕೂರುವ ಜಾಗವನ್ನು ಮನೆ ಅಂತ ಕರೆಯೋಣ. ಒಂದು ಮನೆಯಲ್ಲಿ ಆರು ಚುಕ್ಕೆಗೆ ಜಾಗ. ವ್ಯಂಜನಕ್ಕೆ ಒಂದು ಮನೆ, ಅದರ ಮುಂದೆ ಸ್ವರಕ್ಕೆ ಇನ್ನೊಂದು ಮನೆ. 'ಭೀಮಾ' ಬರೆಯಬೇಕಾದರೆ ಭ, ಈ, ಮ, ಆ ಅಂತ 4 ಮನೆ, ಒಟ್ಟು 10 ಚುಕ್ಕೆ. 'ಕಾಗಿಣಾ' ಅಂದರೆ 6 ಮನೆ, 18 ಚುಕ್ಕೆ. ಒಂದು ಮನೆಯೊಳಗೆ ಚುಕ್ಕೆಯಿಂದ ಚುಕ್ಕೆಗೆ ಸುಮಾರು 2.5 ಮಿ.ಮೀ., ಚುಕ್ಕೆಯ ಎತ್ತರ ಸುಮಾರು ಅರ್ಧ ಮಿಲಿಮೀಟರ್. ಈ ಅಳತೆಯನ್ನು ದೊಡ್ಡದು ಮಾಡುವ ಹಾಗಿಲ್ಲ. ದೊಡ್ಡದಾದರೆ ಇಡೀ ಮನೆ ಬೆರಳ ತುದಿಯ ಕೆಳಗೆ ಒಟ್ಟಿಗೆ ಸಿಗುವುದಿಲ್ಲ.

ಅರ್ಧ ಮಿಲಿಮೀಟರಿನ ಚುಕ್ಕೆಯನ್ನು ಪದರಿನ ಕಲ್ಲಿನಲ್ಲೇ ಎಬ್ಬಿಸಿದರೆ ನಾಲ್ಕು ಜನ ಮುಟ್ಟಿದ ಮೇಲೆ ಉದುರುತ್ತದೆ. ಹಾಗಾಗಿ ಹಿತ್ತಾಳೆ ಮೊಳೆ ಕೂರಿಸಿದೆ. ವೆಲ್ಡಿಂಗ್ ಅಂಗಡಿಯಲ್ಲಿ ಸಿಗುವ 1.6 ಮಿ.ಮೀ. ಹಿತ್ತಾಳೆ ಬ್ರೇಜಿಂಗ್ ಕಡ್ಡಿಯನ್ನೇ ಕತ್ತರಿಸಿ ತುಂಡು ಮಾಡಿಕೊಂಡೆ. ಕಲ್ಲಿನಲ್ಲಿ ಡೈಮಂಡ್ ಬಿಟ್‌ನಿಂದ 4 ಮಿ.ಮೀ. ಆಳದ ತೂತು ಕೊರೆದೆ. ಕೈಯಲ್ಲಿ ಹಿಡಿದು ಕೊರೆದರೆ ಬಿಟ್ ಜಾರುತ್ತದೆ. ಡ್ರಿಲ್ ಸ್ಟ್ಯಾಂಡ್ ಬೇಕೇ ಬೇಕು. ಆರು ತೂತಿನ ಒಂದು ಸ್ಟೀಲ್ ಪಟ್ಟಿ ಮಾಡಿಸಿಕೊಂಡು ಅದನ್ನು ಕಲ್ಲಿಗೆ ಬಿಗಿದು, ಅದರ ಮೂಲಕವೇ ಕೊರೆದೆ.

ತೂತಿಗೆ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ಅಂಟಿನ ಒಂದು ಹನಿ, ಆಮೇಲೆ ಮೊಳೆ. ಮೊಳೆಯನ್ನು ಬೇಕಾದ್ದಕ್ಕಿಂತ ಸ್ವಲ್ಪ ಎತ್ತರವೇ ಬಿಡಬೇಕು. ಎಪಾಕ್ಸಿ ಒಣಗಿದ ಮೇಲೆ ಅರ್ಧ ಮಿಲಿಮೀಟರ್ ದಪ್ಪದ, ತೂತು ಇರುವ ತಗಡನ್ನು ಮೊಳೆಗಳ ಮೇಲೆ ಕೂರಿಸಿ, ತಗಡಿಗೆ ಸಮವಾಗುವ ತನಕ ಅರ ಹಾಕಬೇಕು. ತಗಡು ತೆಗೆದರೆ ಎಲ್ಲ ಮೊಳೆಗಳೂ ಒಂದೇ ಎತ್ತರ. ಆದರೆ ತಲೆ ಚಪ್ಪಟೆ, ಅಂಚು ಚೂಪು. ಇದನ್ನು ದುಂಡು ಮಾಡಲು ಸರಾಫ್ ಬಜಾರಿನ ಅಕ್ಕಸಾಲಿಗರೊಬ್ಬರು ದಾರಿ ತೋರಿಸಿದರು. ಆಭರಣದಲ್ಲಿ ಹರಳು ಹಿಡಿಯುವ ಕಂಬಿಯ ತುದಿಯನ್ನು ಗುಂಡಗೆ ಮಾಡಲು ಅವರು ಕಪ್ ಬರ್ ಅನ್ನುವ ಸಣ್ಣ ಉಪಕರಣ ಬಳಸುತ್ತಾರೆ. ತುದಿಯಲ್ಲಿ ಪುಟ್ಟ ಬಟ್ಟಲು, ಒಳಗೆ ಹಲ್ಲು. ಮೊಳೆಯ ಮೇಲೆ ಇಟ್ಟು ಒಂದೆರಡು ಸುತ್ತು ತಿರುಗಿಸಿದರೆ ತಲೆ ಮಣಿಯ ಹಾಗೆ ಆಗುತ್ತದೆ. ಅಂಗೈಯಲ್ಲಿ ಅಡಗುವ ಈ ಉಪಕರಣ ಇಲ್ಲದಿದ್ದರೆ ಈ ಕೆಲಸ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ಬ್ರೈಲ್ ವಿವರಣೆಯನ್ನು ನಕಾಶೆಯ ಕಲ್ಲಿನ ಮೇಲೆ ಹಾಕಲಿಲ್ಲ. ಕೆಳಗೆ 8 ಸೆಂ.ಮೀ. ಅಗಲದ ಬೇರೆ ಪಟ್ಟಿ ಮಾಡಿದೆ. ಮುಂದೆ ಮೊಳೆ ಸಡಿಲಾದರೆ ಅಥವಾ ಪಟ್ಟಿ ಒಡೆದರೆ ಅದೊಂದನ್ನೇ ಬದಲಿಸಬಹುದು. ನಕಾಶೆಯ ಮೇಲೆ ಜಾಗದ ಪಕ್ಕ ಒಂದೊಂದೇ ಅಕ್ಷರ: ಗಾಣಗಾಪುರಕ್ಕೆ ಗ, ಕಾಗಿಣಾ ಕೂಡುವಲ್ಲಿ ಕ, ಸನ್ನತಿಗೆ ಸ, ಯಾದಗಿರಿಗೆ ಯ. ಪೂರ್ತಿ ಹೆಸರು ಪಟ್ಟಿಯಲ್ಲಿ, ಬ್ರೈಲ್‌ನಲ್ಲಿಯೂ ದೊಡ್ಡ ಕನ್ನಡ ಅಕ್ಷರದಲ್ಲಿಯೂ.

ಮೊಳೆ ಕೂರಿಸುವ ಮೊದಲೇ ಈ ಅಕ್ಷರಗಳನ್ನು ದಪ್ಪ ಕಾಗದದ ಮೇಲೆ ಒತ್ತಿ, ಬ್ರೈಲ್ ಓದುವ ಶಿಕ್ಷಕರೊಬ್ಬರಿಗೆ ತೋರಿಸಿದೆ. ಅವರು 'ಗ' ಮೇಲೆ ಬೆರಳಿಟ್ಟು ನಿಂತರು. "ನಾಲ್ಕು ಚುಕ್ಕಿ ಚೌಕಾಗಿ ಸಿಗ್ತಾವ. ಆದ್ರ ಇವು ಮನಿಯ ಮ್ಯಾಲಿನವೋ, ಕೆಳಗಿನವೋ? ಅದು ಹ್ಯಾಂಗ್ ತಿಳೀಬೇಕು?" ಸಾಲಿನಲ್ಲಿ ಓದುವಾಗ ಅಕ್ಕಪಕ್ಕದ ಮನೆಗಳಿಂದ ಗೊತ್ತಾಗುತ್ತದೆ. ಒಂಟಿ ಅಕ್ಷರಕ್ಕೆ ಆ ಆಸರೆ ಇಲ್ಲ. ಅವರ ಸಲಹೆಯಂತೆ ಪ್ರತಿ ಒಂಟಿ ಅಕ್ಷರದ ಕೆಳಗೆ ಒಂದು ಸಣ್ಣ ಗೀರು ಕೊರೆದೆ. ಗೀರು ಸಿಕ್ಕಿತು ಅಂದರೆ ಅದು ಮನೆಯ ತಳ. ಕಣ್ಣಿಂದ ಕೆಲಸ ಮಾಡುವ ಯಾವ ಕಲಾವಿದನಿಗೂ ಇದು ಹೊಳೆಯುವ ವಿಷಯವಲ್ಲ.

ಹಣ, ಕಾಗದ

ಆ ಶಿಕ್ಷಕರಿಗೆ ಸಂಭಾವನೆ ಕೊಟ್ಟೆ. ಅಂದಾಜು ಪಟ್ಟಿ ಬರೆಯುವಾಗಲೇ 'ಬ್ರೈಲ್ ಪರಿಶೀಲನೆ' ಅಂತ ಒಂದು ಸಾಲು ಹಾಕಿದ್ದೆ. ಇದನ್ನು ನಾನು ಒತ್ತಿ ಹೇಳುತ್ತೇನೆ. ಕಲ್ಲಿನವನಿಗೆ, ವೆಲ್ಡರ್‌ಗೆ, ಸಾಗಿಸುವ ಟಂಟಂನವನಿಗೆ ಹಣ ಕೊಡುತ್ತೇವೆ. ಕೃತಿ ಯಾರಿಗಾಗಿ ಮಾಡುತ್ತಿದ್ದೇವೋ ಅವರನ್ನು ಮಾತ್ರ ಸುಮ್ನೆ ಬಂದು ಹೇಳಿ ಹೋಗಿ ಅಂತ ಕರೆಯುವುದು ಸರಿಯಲ್ಲ. ಅವರ ಬೆರಳಿನ ತಿಳಿವಳಿಕೆಯೂ ನನ್ನ ಉಳಿಯ ಕೆಲಸದಷ್ಟೇ ಕೆಲಸ. ಮೊತ್ತ ಚಿಕ್ಕದು ಅಂತ ಈ ಸಾಲನ್ನು ಹೊಡೆದು ಹಾಕಬೇಡಿ. ಬೇಕಾದರೆ ಸ್ಟ್ಯಾಂಡ್ ಸಾದಾ ಮಾಡಿ.

ಒಪ್ಪಂದದ ಕಾಗದದಲ್ಲಿ ಎರಡು ವಿಷಯ ಬರೆಸಿಕೊಂಡೆ. ಅರ್ಧ ಹಣ ಮುಂಗಡ. ಸಣ್ಣ ಕೆಲಸದಲ್ಲಿ ಸಾಮಾನೆಲ್ಲ ಮೊದಲೇ ಕೊಳ್ಳಬೇಕಾಗುತ್ತದೆ, ಕೈಯಿಂದ ಹಾಕಿ ಕಾಯುವುದು ಎಲ್ಲರಿಗೂ ಆಗದು. ಎರಡನೆಯದು ಹಕ್ಕು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಸರ್ಕಾರದ ನಿರ್ದೇಶನದಲ್ಲಿ ತಯಾರಾದ ಕೃತಿಯ ಮೊದಲ ಹಕ್ಕುದಾರ ಸರ್ಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ. ಹಾಗಾಗಿ ಬೇರೆ ಒಪ್ಪಂದವನ್ನೇ ಕೇಳಬೇಕು. ಕಲ್ಲು ಗ್ಯಾಲರಿಯದು, ವಿನ್ಯಾಸವನ್ನು ಬೇರೆ ಕಡೆ ಮತ್ತೆ ಮಾಡುವ ಹಕ್ಕು ನನ್ನದು ಅಂತ ಬರೆಸಿದೆ. ಅವರಿಗೂ ತೊಂದರೆ ಇರಲಿಲ್ಲ. ಇನ್ನು 57ನೇ ಸೆಕ್ಷನ್ ಕೊಡುವ ಹಕ್ಕು, ಅಂದರೆ ಇದು ನಾನು ಮಾಡಿದ್ದು ಅಂತ ಹೇಳಿಕೊಳ್ಳುವ ಹಕ್ಕು, ಕೃತಿಸ್ವಾಮ್ಯ ಬಿಟ್ಟುಕೊಟ್ಟರೂ ಉಳಿಯುತ್ತದೆ. ಹೆಸರಿನ ಪಟ್ಟಿಯಲ್ಲಿ ನನ್ನ ಜೊತೆ ಬ್ರೈಲ್ ನೋಡಿಕೊಟ್ಟವರ ಹೆಸರೂ ಇರಬೇಕು ಅಂತ ಕೇಳಿದೆ. ಹಾಕಿದ್ದಾರೆ.

ಇಟ್ಟದ್ದು

ಗ್ಯಾಲರಿಯವರು ಮೊದಲು ಹೇಳಿದ ಜಾಗ ಅಂಗಳ. ಬಂದವರಿಗೆಲ್ಲ ಕಾಣುತ್ತದೆ ಅನ್ನುವುದು ಅವರ ಲೆಕ್ಕ. ಆದರೆ ಕಲಬುರಗಿಯ ಬೇಸಿಗೆ ಗೊತ್ತಲ್ಲ. 40 ಡಿಗ್ರಿ ದಾಟಿದ ದಿನ ಬಿಸಿಲಿನ ಫರ್ಸಿ ಮೇಲೆ ಬರಿಗಾಲು ಇಡಲಾಗದು, ಇನ್ನು ಬೆರಳು ಇಟ್ಟು ಓದುವುದು ಎಲ್ಲಿ ಬಂತು? ಒಂದು ತುಂಡು ಕಲ್ಲನ್ನು ಅಂಗಳದಲ್ಲಿಟ್ಟು ಮಧ್ಯಾಹ್ನ ಅವರ ಕೈಯನ್ನೇ ಅದರ ಮೇಲೆ ಇಡಿಸಿದೆ. ಉತ್ತರದ ಪಡಸಾಲೆಗೆ ಒಪ್ಪಿದರು.

ಸ್ಟ್ಯಾಂಡ್ ಕಬ್ಬಿಣದ ಆ್ಯಂಗಲ್‌ನದು. ಮುಂದಿನ ಅಂಚು ನೆಲದಿಂದ 80 ಸೆಂ.ಮೀ., ಹಿಂದಕ್ಕೆ 20 ಡಿಗ್ರಿ ಏರು. ಕೆಳಗೆ ಅಡ್ಡ ಪಟ್ಟಿ ಇಲ್ಲ, ವೀಲ್‌ಚೇರಿನವರ ಮೊಣಕಾಲು ಒಳಗೆ ಹೋಗಬೇಕು. ಕಲ್ಲಿಗೆ ಆರುಪಾರು ತೂತು ಕೊರೆದು ಬೋಲ್ಟ್ ಹಾಕಲಿಲ್ಲ. ಚೌಕಟ್ಟಿನ ತುಟಿಯ ಮೇಲೆ ರಬ್ಬರ್ ಪಟ್ಟಿ ಹಾಸಿ ಕಲ್ಲನ್ನು ಕೂರಿಸಿದ್ದೇನೆ. ಕಾಲುಗಳನ್ನು 10 ಮಿ.ಮೀ. ಆ್ಯಂಕರ್ ಬೋಲ್ಟ್‌ನಿಂದ ನೆಲಕ್ಕೆ ಬಿಗಿದದ್ದಾಯಿತು. ಮಕ್ಕಳು ಒರಗಿದರೂ ಅಲುಗಾಡುವುದಿಲ್ಲ.

ಸೀಲರ್ ಬಗ್ಗೆ, ಅಂದರೆ ಕಲೆ ಹಿಡಿಯದಂತೆ ಕಲ್ಲಿಗೆ ಹಾಕುವ ಲೇಪದ ಬಗ್ಗೆ ಕೇಳುವವರಿಗೆ: ಕಲ್ಲಿನೊಳಗೆ ಇಂಗುವ, ಮೇಲೆ ಪೊರೆ ಕಟ್ಟದ ಸಿಲೇನ್ ಬಗೆಯದು ಒಂದು ಕೋಟ್ ಹಾಕಿದ್ದೇನೆ. ಮೇಣ ಬೇಡ. ಚುಕ್ಕೆಗಳ ನಡುವೆ ತುಂಬಿಕೊಂಡು ದೂಳು ಹಿಡಿಯುತ್ತದೆ. ತುಂಡು ಕಲ್ಲಿನ ಮೇಲೆ ಕೊಬ್ಬರಿ ಎಣ್ಣೆ, ಹುಣಸೆ ನೀರು ಎರಡನ್ನೂ ಹಾಕಿ ನೋಡಿದೆ. ಎಣ್ಣೆಯನ್ನು ಸೀಲರ್ ತಡೆಯಿತು. ಹುಣಸೆ ನೀರು ನುಣುಪು ಜಾಗದಲ್ಲಿ ಬಿಳಿ ಕಲೆ ಬಿಟ್ಟಿತು. ಸುಣ್ಣದಕಲ್ಲನ್ನು ಹುಳಿ ತಿನ್ನುತ್ತದೆ, ಅದಕ್ಕೆ ಯಾವ ಸೀಲರೂ ಪೂರ್ತಿ ಅಡ್ಡ ಬರದು.

ಹಾಗಾಗಿ ಸಿಬ್ಬಂದಿಗೆ ಒಂದು ಹಾಳೆ ಬರೆದುಕೊಟ್ಟಿದ್ದೇನೆ. ಫಲಕವನ್ನು ಬರೀ ನೀರು ಮತ್ತು ಮೆತ್ತನೆ ಬಟ್ಟೆಯಿಂದ ಒರೆಸಿ. ನಿಂಬೆ, ವಿನೆಗರ್, ಬಾತ್‌ರೂಮ್ ತೊಳೆಯುವ ಆ್ಯಸಿಡ್ ಹತ್ತಿರವೂ ತರಬೇಡಿ. ಹಿತ್ತಾಳೆಗೆ ಪೀತಾಂಬರಿ ಹಾಕಿ ತಿಕ್ಕಬೇಡಿ. ಜನ ಮುಟ್ಟುತ್ತಿದ್ದರೆ ಚುಕ್ಕೆಗಳು ತಾವೇ ಹೊಳೆಯುತ್ತವೆ. ಮೊಳೆ ಅಲುಗಾಡಿದರೆ ಕೀಳಬೇಡಿ, ನನಗೆ ಹೇಳಿ. ಬ್ರೈಲ್ ಪಟ್ಟಿಯ ಇನ್ನೊಂದು ಪ್ರತಿಯನ್ನು ಮೊಳೆ ಸಮೇತ ಮಾಡಿ ಅವರ ಸ್ಟೋರ್ ರೂಮಿನಲ್ಲಿ ಇಟ್ಟಿದ್ದೇನೆ. ಡ್ರಿಲ್‌ಗೆ ಬಳಸಿದ ಸ್ಟೀಲ್ ಪಟ್ಟಿಯೂ ಅದರ ಜೊತೆಗೇ ಇದೆ. ಈ ಭಾಗದ ಬೇರೆ ಯಾರಾದರೂ ಕಲ್ಲಿನಲ್ಲಿ ಬ್ರೈಲ್ ಹಾಕುವುದಿದ್ದರೆ ಕೇಳಿ ತೆಗೆದುಕೊಳ್ಳಬಹುದು. ಗ್ಯಾಲರಿಯ ಮುಂದಿನ ಕರೆಯ ಅಂದಾಜು ಪಟ್ಟಿಯ ನಮೂನೆಯಲ್ಲಿ 'ಬಳಸುವವರಿಂದ ಪರಿಶೀಲನೆ, ಸಂಭಾವನೆ ಸಹಿತ' ಅನ್ನುವ ಸಾಲು ಸೇರಿಸಲು ಅವರು ಒಪ್ಪಿದ್ದಾರೆ.